ಕೆಂಪು ಮಾತ್ರೆ ಬಿಡಬೇಡಿ, ಸಕ್ಕರೆ ಪರೀಕ್ಷೆ ಮರೆಯಬೇಡಿ

ಮಾನ್ಯ ಸಂಪಾದಕರೇ,

ಹೋದ ವಾರ ತವರಿಗೆ ಬಂದ ನನ್ನ ತಂಗಿಯ ಬ್ಯಾಗಿನಲ್ಲಿ ಕಬ್ಬಿಣದ ಕೆಂಪು ಮಾತ್ರೆಯ ನಾಲ್ಕು ಪಟ್ಟಿ ಸಿಕ್ಕವು. ಒಂದು ಮಾತ್ರೆಯೂ ಖರ್ಚಾಗಿರಲಿಲ್ಲ. ಅವಳಿಗೀಗ ಐದು ತಿಂಗಳು. ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್ 9.2 ಎಂದು ಬರೆದಿದೆ. ದಿನಕ್ಕೆ ಎರಡು ಮಾತ್ರೆ ತಗೋಬೇಕು ಎಂದು ನರ್ಸ್ ಹೇಳಿ ಕಳಿಸಿದ್ದಾರೆ. ಯಾಕೆ ತಗೊಂಡಿಲ್ಲ ಎಂದು ಕೇಳಿದರೆ, "ಐರನ್ ಜಾಸ್ತಿಯಾದರೆ ಬಸುರಿಯರಿಗೆ ಶುಗರ್ ಬರುತ್ತಂತೆ ಅಕ್ಕಾ. ನಿನಗೆ ಬಂದಿತ್ತಲ್ಲ, ಅದಕ್ಕೇ ಬಿಟ್ಟೆ" ಅಂದಳು.

ಅವಳು ಓದಿದ್ದು ಫೋನಿಗೆ ಬಂದ ಒಂದು ಸುದ್ದಿಯ ತುಣುಕು. ತಲೆಬರಹ ಇತ್ತು, ಕೆಳಗಿನ ವಿಷಯವೇ ಇರಲಿಲ್ಲ. ಅವಳಂತೆ ಓದಿ ಹೆದರಿದವರು ಇನ್ನೂ ಇರಬಹುದು ಎಂದು ಈ ಪತ್ರ ಬರೆಯುತ್ತಿದ್ದೇನೆ.

ಆ ಸುದ್ದಿ ಪೂರ್ತಿ ಸುಳ್ಳಲ್ಲ. ನಮ್ಮ ಮೈಯಲ್ಲಿ ಕಬ್ಬಿಣಕ್ಕೂ ಒಂದು ಕಣಜ ಇದೆ. ಅದರಲ್ಲಿ ಎಷ್ಟಿದೆ ಎಂದು ತಿಳಿಯಲು ಫೆರಿಟಿನ್ ಎಂಬ ರಕ್ತಪರೀಕ್ಷೆ ಮಾಡುತ್ತಾರೆ. ಬಸುರಿನ ಶುರುವಿನಲ್ಲಿ ಫೆರಿಟಿನ್ ತುಂಬ ಹೆಚ್ಚಿದ್ದವರಿಗೆ ಮುಂದೆ ಗರ್ಭಾವಸ್ಥೆಯ ಸಕ್ಕರೆ ಕಾಯಿಲೆ ಬರುವುದು ಜಾಸ್ತಿ ಎಂದು ಬೇರೆ ಬೇರೆ ದೇಶಗಳ ಅಧ್ಯಯನಗಳು ಹೇಳಿವೆ. ಬೇಕಾದ್ದಕ್ಕಿಂತ ಹೆಚ್ಚಾದ ಕಬ್ಬಿಣ ಇನ್ಸುಲಿನ್ ತಯಾರಿಸುವ ಜೀವಕೋಶಗಳಿಗೆ ಹಾನಿ ಮಾಡಬಲ್ಲದು. ಥಲಸ್ಸೀಮಿಯಾ ಎಂಬ ರಕ್ತದ ಕಾಯಿಲೆ ಇರುವ ಮಕ್ಕಳಿಗೆ ಪದೇ ಪದೇ ರಕ್ತ ಕೊಡಬೇಕಾಗುತ್ತದಲ್ಲ, ಆ ರಕ್ತದ ಕಬ್ಬಿಣ ಮೈಯಲ್ಲೇ ಉಳಿದು ಕೆಲವರಿಗೆ ಸಕ್ಕರೆ ಕಾಯಿಲೆ ಬರುವುದನ್ನು ವೈದ್ಯರು ಬಹಳ ಹಿಂದಿನಿಂದ ಬಲ್ಲರು.

ಆದರೆ ಫೆರಿಟಿನ್ ಬರೀ ಕಬ್ಬಿಣದ ಲೆಕ್ಕ ಹೇಳುವುದಿಲ್ಲ. ಮೈಯಲ್ಲಿ ಉರಿಯೂತ ಇದ್ದರೂ ಏರುತ್ತದೆ, ತೂಕ ಹೆಚ್ಚಿದ್ದರೂ ಏರುತ್ತದೆ. ಸಕ್ಕರೆ ಬರುವುದಕ್ಕೂ ತೂಕ ಒಂದು ದೊಡ್ಡ ಕಾರಣ. ಹಾಗಿರುವಾಗ ಯಾವುದರಿಂದ ಯಾವುದು ಬಂತು ಎಂದು ಹೇಗೆ ಹೇಳುವುದು? ಮಾತ್ರೆ ಕೊಟ್ಟೇ ನೋಡಬೇಕು. ಹಾಗೆ ನೋಡಿದ್ದೂ ಇದೆ. ಹಾಂಗ್‌ಕಾಂಗ್‌ನಲ್ಲಿ ಸಾವಿರಕ್ಕೂ ಹೆಚ್ಚು ಗರ್ಭಿಣಿಯರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ 60 ಮಿಲಿಗ್ರಾಂ ಕಬ್ಬಿಣ ಕೊಟ್ಟರು. ಇನ್ನೊಂದು ಗುಂಪಿಗೆ ಕಬ್ಬಿಣವೇ ಇಲ್ಲದ ಮಾತ್ರೆ. ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಕಬ್ಬಿಣ ತಗೊಂಡವರಲ್ಲಿ ಸಕ್ಕರೆ ಕಾಯಿಲೆ ಹೆಚ್ಚಾಗಿರಲಿಲ್ಲ. ನಮ್ಮ ಸರ್ಕಾರಿ ಕೆಂಪು ಮಾತ್ರೆ ಒಂದರಲ್ಲಿ ಇರುವುದೂ ಅದೇ 60 ಮಿಲಿಗ್ರಾಂ.

ನನ್ನ ತಂಗಿಯದು ಕಣಜ ಬರಿದಾದ ಮೈ. ಅದು ತುಂಬಿ ತುಳುಕೀತು ಎಂದು ಅವಳು ಹೆದರುತ್ತಿದ್ದಾಳೆ! ಬಸುರಿಯರಲ್ಲಿ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಶೇ 52.2 ಮಂದಿಗೆ ರಕ್ತಹೀನತೆ ಇತ್ತು. ನಮ್ಮ ರಾಜ್ಯದಲ್ಲೂ ನೂರಕ್ಕೆ 45ಕ್ಕೂ ಹೆಚ್ಚು ಜನರಿಗೆ ಇತ್ತು. 180 ದಿನ ಮಾತ್ರೆ ನುಂಗಿದವರು ದೇಶದಲ್ಲಿ ಕಾಲು ಭಾಗದಷ್ಟೇ. ಅದಕ್ಕೆ ಕಾರಣ ಒಂದೆರಡಲ್ಲ. ಮಲ ಕಪ್ಪಾಗುತ್ತದೆ, ಹೊಟ್ಟೆ ಕಟ್ಟುತ್ತದೆ, ಬಾಯಲ್ಲಿ ತುಕ್ಕಿನ ರುಚಿ. ಜೊತೆಗೆ ಮಗು ಕಪ್ಪಗೆ ಹುಟ್ಟುತ್ತದೆ, ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎಂಬ ಹಳೆಯ ಮಾತುಗಳು. ಆಶಾ ಅಕ್ಕಂದಿರು ಮನೆಮನೆಗೆ ಹೋಗಿ ಇವನ್ನೆಲ್ಲ ಬಿಡಿಸಿ ಹೇಳುವುದರಲ್ಲೇ ಸಾಕಾಗಿದ್ದಾರೆ. ಈಗ ಅದರ ಮೇಲೆ ಸಕ್ಕರೆಯ ಭಯ ಬೇರೆ. ಸಹಜ ಹೆರಿಗೆಯಲ್ಲೇ ಅರ್ಧ ಲೀಟರ್‌ವರೆಗೆ ರಕ್ತ ಹೋಗಬಹುದು. ಮೊದಲೇ ರಕ್ತ ಇಲ್ಲದವಳು ಅದನ್ನು ಹೇಗೆ ತಡೆದುಕೊಳ್ಳಬೇಕು ಹೇಳಿ?

ಇನ್ನು ನನ್ನ ಕಥೆ. ಆರು ವರ್ಷದ ಹಿಂದೆ ನಾನು ಬಸುರಿ. ಮೊದಲ ಭೇಟಿಯಲ್ಲಿ ಗ್ಲೂಕೋಸ್ ನೀರು ಕುಡಿಸಿ ಸಕ್ಕರೆ ನೋಡಿದರು. ನಾರ್ಮಲ್ ಬಂತು. ಅದೇ ಪರೀಕ್ಷೆಯನ್ನು 24ರಿಂದ 28ನೇ ವಾರದೊಳಗೆ ಇನ್ನೊಮ್ಮೆ ಮಾಡಬೇಕು ಎಂದು ಸರ್ಕಾರದ ಮಾರ್ಗಸೂಚಿಯೇ ಹೇಳುತ್ತದೆ. ನನಗೆ ಯಾರೂ ಹೇಳಲಿಲ್ಲ, ನನಗೂ ಗೊತ್ತಿರಲಿಲ್ಲ. ಹೊಟ್ಟೆಯಲ್ಲಿ ಮಗು ಬೆಳೆದಂತೆ ಮಾಸಿನಿಂದ (ಪ್ಲಸೆಂಟಾ) ಬರುವ ಹಾರ್ಮೋನುಗಳು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ಬರುತ್ತವೆ. ಅದು ಜೋರಾಗುವುದೇ ಆ ಹೊತ್ತಿನಲ್ಲಿ. ನಮ್ಮ ಮನೆಗಳಲ್ಲಿ ಸೀಮಂತ ಮಾಡುವುದೂ ಹೆಚ್ಚುಕಡಿಮೆ ಆಗಲೇ. ಏಳನೇ ತಿಂಗಳಲ್ಲಿ ಬಳೆ ತೊಡಿಸಿ, ಮಡಿಲು ತುಂಬಿ, ಬಂದವರೆಲ್ಲ ಒಂದೊಂದು ಸಿಹಿ ಬಾಯಿಗಿಟ್ಟರು. ಸಕ್ಕರೆ ಏರಿರುವುದು ಗೊತ್ತಾಗಿದ್ದು ಎಂಟೂವರೆ ತಿಂಗಳಿಗೆ. ಸಿಸೇರಿಯನ್ ಆಯಿತು. ಮಗು 3.9 ಕೆ.ಜಿ. ಇತ್ತು. ನೋಡಿದವರೆಲ್ಲ ಎಷ್ಟು ಮುದ್ದಾಗಿದೆ ಎಂದರು. ಆದರೆ ಹುಟ್ಟಿದ ಕೆಲವೇ ಗಂಟೆಯಲ್ಲಿ ಅದರ ಸಕ್ಕರೆ ಇಳಿದುಹೋಗಿ ಎರಡು ದಿನ ನನ್ನಿಂದ ದೂರ ಇಟ್ಟಿದ್ದರು. ಆ ಎರಡು ರಾತ್ರಿ ನಾನು ಇವತ್ತಿಗೂ ಮರೆತಿಲ್ಲ.

ಆ ಪರೀಕ್ಷೆಗೆ ಖಾಲಿ ಹೊಟ್ಟೆಯೂ ಬೇಕಿಲ್ಲ. 75 ಗ್ರಾಂ ಗ್ಲೂಕೋಸ್ ನೀರಿನಲ್ಲಿ ಕರಗಿಸಿ ಕುಡಿಸುತ್ತಾರೆ, ಎರಡು ಗಂಟೆ ಬಿಟ್ಟು ರಕ್ತ ನೋಡುತ್ತಾರೆ. 140 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಊಟದ ಪಥ್ಯ ಶುರು. ಅದರಿಂದ ಆಗದಿದ್ದರೆ ಔಷಧ. ಕೆಲವರು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ ಸುಮ್ಮನಾಗುತ್ತಾರೆ. ರಕ್ತಹೀನತೆ ಇರುವವರಲ್ಲಿ ಅದರ ಲೆಕ್ಕ ತಪ್ಪಬಹುದು. ಅದನ್ನೊಂದೇ ನಂಬಿ ಕೂರಬಾರದು.

ಕಬ್ಬಿಣಕ್ಕೂ ಸಕ್ಕರೆಗೂ ಇರುವ ನಿಜವಾದ ಗಂಟು ನನಗೆ ಕಂಡಿದ್ದು ನಮ್ಮ ಅಡುಗೆಮನೆಯಲ್ಲಿ. ನಮ್ಮದು ಕೊಬ್ಬರಿಯ ಊರು. ರಕ್ತ ಕಡಿಮೆ ಎಂದ ಕೂಡಲೇ ಅಮ್ಮ ಕೊಬ್ಬರಿ ಬೆಲ್ಲ ಕೊಟ್ಟರು. ಅತ್ತೆ ಖರ್ಜೂರ, ಅಂಜೂರ ತಂದರು. ಬೆಳಿಗ್ಗೆ ದಾಳಿಂಬೆ ರಸ, ಸಂಜೆ ಸಿಹಿಯಾದ ಟಾನಿಕ್. ಎಲ್ಲವೂ ಪ್ರೀತಿಯಿಂದಲೇ. ಆದರೆ ಬೆಲ್ಲ, ಖರ್ಜೂರದಿಂದ ಸಿಗುವ ಕಬ್ಬಿಣ ಸ್ವಲ್ಪ, ಸಕ್ಕರೆ ಬಹಳ. ಸಕ್ಕರೆ ಬಂದವಳಿಗೆ ಮಾತ್ರೆ ನಿಲ್ಲಿಸಿ ಖರ್ಜೂರ ಕೊಟ್ಟರೆ ಎರಡೂ ಕೆಟ್ಟಂತೆ. ಮಾತ್ರೆ ಬಿಟ್ಟು ಇಂಥ ಸಿಹಿ ತಿನ್ನುವುದೇ ತಂಗಿಯ ವಿಷಯದಲ್ಲೂ ಈಗ ನಡೆಯುತ್ತಿತ್ತು. ಅದರ ಬದಲು ನುಗ್ಗೆ ಸೊಪ್ಪಿನ ಪಲ್ಯ, ಹುರುಳಿ ಕಟ್ಟಿನ ಸಾರು, ಮೊಟ್ಟೆ, ತಿನ್ನುವವರಿಗೆ ಮಾಂಸ, ಮೀನು ಒಳ್ಳೆಯದು. ಸೊಪ್ಪಿಗೆ ನಿಂಬೆಹಣ್ಣು ಹಿಂಡಿಕೊಂಡರೆ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ಕಾಫಿ, ಟೀ ಜೊತೆ ಮಾತ್ರೆ ತಗೊಂಡರೆ ಅಷ್ಟಾಗಿ ಹತ್ತುವುದಿಲ್ಲ. ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ಎರಡು ಗಂಟೆಯಾದರೂ ಅಂತರ ಇರಲಿ. ಹೊಟ್ಟೆ ತೊಳಸಿದರೆ ರಾತ್ರಿ ಊಟವಾದ ಮೇಲೆ ತಗೊಂಡು ಮಲಗಬಹುದು. ತಂಗಿ ಈಗ ಹಾಗೇ ಮಾಡುತ್ತಿದ್ದಾಳೆ.

ಒಂದು ಮಾತು ಮಾತ್ರ ನಿಜವಾಗಿ ಯೋಚಿಸಬೇಕಾದದ್ದು. ಪೇಟೆಯಲ್ಲಿ ಕೆಲವರು ಸರ್ಕಾರಿ ಮಾತ್ರೆ, ಖಾಸಗಿ ಡಾಕ್ಟರು ಬರೆದ ಕ್ಯಾಪ್ಸೂಲು, ಮೆಡಿಕಲ್ ಸ್ಟೋರಿನ ಟಾನಿಕ್ ಮೂರನ್ನೂ ಒಟ್ಟಿಗೆ ತಗೋತಾರೆ. ಒಬ್ಬರು ಕೊಟ್ಟಿದ್ದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ರಕ್ತ ಚೆನ್ನಾಗಿದ್ದು, ಮನೆಯಲ್ಲಿ ಸಕ್ಕರೆ ಕಾಯಿಲೆ ಇದ್ದವರು ಎಲ್ಲವನ್ನೂ ಡಾಕ್ಟರ ಮುಂದಿಟ್ಟು ಎಷ್ಟು ಬೇಕು ಎಂದು ಕೇಳಲಿ. ತಾವಾಗಿಯೇ ಯಾವುದನ್ನೂ ಸೇರಿಸುವುದೂ ಬೇಡ, ನಿಲ್ಲಿಸುವುದೂ ಬೇಡ.

ಆರೋಗ್ಯ ಇಲಾಖೆಗೆ ನನ್ನ ಕೋರಿಕೆ ಇಷ್ಟು. ತಾಯಿ ಕಾರ್ಡಿನಲ್ಲಿ ಎರಡನೇ ಗ್ಲೂಕೋಸ್ ಪರೀಕ್ಷೆಯ ದಿನಾಂಕವನ್ನು ಮೊದಲ ಭೇಟಿಯಲ್ಲೇ ದೊಡ್ಡದಾಗಿ ಬರೆದುಕೊಡಲಿ. ಹಿಮೋಗ್ಲೋಬಿನ್ ಎಷ್ಟು ಎಂದು ಬರೆದರೆ ಸಾಲದು, ಎಷ್ಟಿರಬೇಕಿತ್ತು ಎಂದೂ ಬಾಯಿಬಿಟ್ಟು ಹೇಳಲಿ. ಸಕ್ಕರೆ ಬಂದಿದ್ದವರಿಗೆ ಹೆರಿಗೆಯಾದ ಆರು ವಾರಕ್ಕೆ ಮತ್ತೆ ಪರೀಕ್ಷೆ ಆಗಬೇಕು. ಬಾಣಂತನದಲ್ಲಿ ಹೊರಗೆ ಕಳಿಸುವುದಿಲ್ಲವಾದ್ದರಿಂದ ಅದು ತಪ್ಪಿಹೋಗುತ್ತದೆ, ನನಗೂ ತಪ್ಪಿತ್ತು. ಮಗುವಿಗೆ ಲಸಿಕೆ ಹಾಕಿಸಲು ಬರುವ ದಿನವೇ ತಾಯಿಯದ್ದನ್ನೂ ಮಾಡಿಬಿಟ್ಟರೆ ಆಗುವುದಿಲ್ಲವೇ?

ನಿಮ್ಮಲ್ಲಿ ಕೇಳುವುದೂ ಒಂದಿದೆ. ಕಬ್ಬಿಣ ಮತ್ತು ಸಕ್ಕರೆಯ ಸುದ್ದಿ ಮುಂದೆ ಹಾಕುವಾಗ, ರಕ್ತಹೀನತೆ ಇರುವವರು ಮಾತ್ರೆ ಬಿಡಬಾರದು ಎಂಬ ಸಾಲನ್ನು ತಲೆಬರಹದ ಪಕ್ಕದಲ್ಲೇ ಹಾಕಿ. ಫೋನಿನಲ್ಲಿ ತುಣುಕಾಗಿ ಹೋದರೂ ಆ ಸಾಲು ಜೊತೆಗೇ ಹೋಗುತ್ತದೆ.

ಇಂತಿ,
ನಿಮ್ಮ ಓದುಗಳು, ತಿಪಟೂರು