ಐದು ವರ್ಷ ತುಂಬಿತು, ಒಂದಿಷ್ಟು ಥ್ಯಾಂಕ್ಸ್ ಬಾಕಿ ಇದೆ

ಈ ಆಗಸ್ಟ್ 1ಕ್ಕೆ ನಮ್ಮ ಪುಟ್ಟ ಕಂಪನಿಗೆ ಐದು ವರ್ಷ ತುಂಬಿತು. ಮಲ್ಪೆಯಲ್ಲಿ ಬಲೆ ಅಂಗಡಿಯ ಮಹಡಿ ಮೇಲೆ ಎರಡು ಕೋಣೆ, ಏಳು ಜನ. ಬೋಟುಗಳ ಲೆಕ್ಕ ಇಡುವ ಆ್ಯಪ್ ಮಾಡುತ್ತೇವೆ. ಡೀಸೆಲ್ ಎಷ್ಟು, ಐಸ್ ಎಷ್ಟು, ಏಲಂನಲ್ಲಿ ಮೀನು ಎಷ್ಟಕ್ಕೆ ಹೋಯಿತು, ಖರ್ಚು ಕಳೆದು ಯಾರ ಪಾಲಿಗೆ ಎಷ್ಟು. ನಾನು ಸೇರಿದ್ದು ಮೂರನೆಯವಳಾಗಿ. ಎರಡನೇ ವರ್ಷವೇ ಬಾಗಿಲು ಹಾಕಬೇಕಾಗಿತ್ತು. ಹಾಕದ ಹಾಗೆ ನೋಡಿಕೊಂಡವರಿಗೆ ಈ ಬರಹ.

ಮೊದಲು ಅಮ್ಮನಿಗೆ. ಬೆಂಗಳೂರಿನ ಕೆಲಸ ಬಿಟ್ಟು ಬರುತ್ತೇನೆ ಅಂದಾಗ ಮಾವ, 'ಉಡುಪಿಯಲ್ಲಿ ಎಂಥ ಸಾಫ್ಟ್‌ವೇರ್?' ಅಂತ ಕೇಳಿದರು. '1996ರಲ್ಲೇ ಇಲ್ಲಿ ರೋಬೋಸಾಫ್ಟ್ ಶುರುವಾಗಿತ್ತಲ್ಲ' ಅಂತ ಅಮ್ಮನೇ ಉತ್ತರ ಕೊಟ್ಟರು. ಅಲ್ಲಿಗೆ ಆ ಮಾತು ಮುಗಿಯಿತು.

ಆಮೇಲೆ ಬಂತು ಆ ಎರಡನೇ ಮಳೆಗಾಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮೀನು ಮೊಟ್ಟೆ ಇಡುವ ಕಾಲ, ಕಡಲೂ ಒರಟು. ನಾಡದೋಣಿ ಬಿಟ್ಟರೆ ಉಳಿದವೆಲ್ಲ ಬಂದರಿನ ದಕ್ಕೆಯಲ್ಲೇ. ನಮಗೆ ಬರುತ್ತಿದ್ದದ್ದು ಬೋಟಿಗೆ ತಿಂಗಳಿಗೆ ಇಷ್ಟು ಅಂತ. ಬೋಟು ನಿಂತಿತು, ಅದೂ ನಿಂತಿತು. ಮೊದಲ ಮಳೆಗಾಲದಲ್ಲಿ ನಾವಿದ್ದದ್ದೇ ಮೂವರು, ಹೇಗೋ ನಡೆದಿತ್ತು. ಈ ಸಲ ಐದು ಸಂಬಳ ಆಗಬೇಕಿತ್ತು.

ಮೇ ಕೊನೆಯಲ್ಲಿ ಕಂಪನಿ ಶುರು ಮಾಡಿದ ಇಬ್ಬರು ಅಣ್ಣಂದಿರು ನಮ್ಮನ್ನು ಕೂರಿಸಿ, ಬ್ಯಾಂಕ್ ಖಾತೆಯನ್ನೇ ಲ್ಯಾಪ್‌ಟಾಪ್‌ನಲ್ಲಿ ತೆರೆದು ತೋರಿಸಿದರು. 'ಇಷ್ಟೇ ಇರುವುದು. ಎರಡು ತಿಂಗಳು ನಿಮಗೆ ಅರ್ಧ ಸಂಬಳ ಕೊಡಬಹುದು. ನಾವಿಬ್ಬರು ತೆಗೆದುಕೊಳ್ಳುವುದಿಲ್ಲ. ಬಾಕಿ ಸೀಸನ್ ಶುರುವಾದ ಮೇಲೆ. ಬೇರೆ ಕೆಲಸ ನೋಡುವವರು ನೋಡಿ, ನಮಗೆ ಬೇಜಾರಿಲ್ಲ.' ಒಬ್ಬ ಹೋದ. ಅವನ ತಲೆ ಮೇಲೆ ಮನೆ ಸಾಲವಿತ್ತು. ಹೋಗುವ ದಿನ ರಾತ್ರಿ ಎಂಟರವರೆಗೆ ಕೂತು, ತಾನು ಬರೆದ ಕೋಡನ್ನೆಲ್ಲ ನನಗೆ ಬಿಡಿಸಿ ಹೇಳಿದ. ನಿನಗೂ ಥ್ಯಾಂಕ್ಸ್ ಮಾರಾಯ. ಅಕ್ಟೋಬರ್‌ನಲ್ಲಿ ಬಾಕಿ ಹಣ ನಮ್ಮ ಖಾತೆಗೆ ಬಂತು, ಅವನ ಖಾತೆಗೂ ಬಂತು. ಬೆಂಗಳೂರಿನಲ್ಲಿ ನನಗೆ ಸಂಬಳ ಒಂದು ದಿನವೂ ತಡವಾಗಿರಲಿಲ್ಲ. ಆದರೆ ಪೆಟ್ಟಿಗೆಯಲ್ಲಿ ಎಷ್ಟಿದೆ ಅಂತ ಯಾರೂ ನನ್ನನ್ನು ಕರೆದು ತೋರಿಸಿರಲಿಲ್ಲ. ಮರುವರ್ಷದಿಂದ ವರ್ಷದ ಹಣವನ್ನು ಹತ್ತು ತಿಂಗಳಲ್ಲೇ ಪಡೆಯುವ ಹಾಗೆ ಮಾಡಿಕೊಂಡೆವು.

ಇನ್ನು ನಮ್ಮ ತಂಡೇಲಣ್ಣ. ತಂಡೇಲ ಅಂದರೆ ಬೋಟು ನಡೆಸುವವರು. ಕಡಲಲ್ಲಿ ದೂರ ಹೋದರೆ ನೆಟ್‌ವರ್ಕ್ ಇರುವುದಿಲ್ಲ. ಬರೆದದ್ದು ಫೋನಿನಲ್ಲೇ ಉಳಿದು, ದಡ ಹತ್ತಿರ ಬಂದಾಗ ಸರ್ವರ್‌ಗೆ ಹೋಗಬೇಕು. ಒಮ್ಮೆ ಸಿಗ್ನಲ್ ಬಂದು ಹೋಗಿ ಮಾಡುವಾಗ ಒಂದೇ ಡೀಸೆಲ್ ಬಿಲ್ಲು ಎರಡು ಸಲ ಹೋಯಿತು. ಬಂದದ್ದೇ ಮತ್ತೆ ಬಂದರೆ ಸರ್ವರ್ ಅದನ್ನು ಬಿಟ್ಟುಬಿಡಬೇಕು. ಅದನ್ನು ಪರೀಕ್ಷಿಸುವುದು ನನ್ನ ಕೆಲಸ, ನಾನು ಮಾಡಿರಲಿಲ್ಲ. ಬೋಟಿನ ಅಷ್ಟೂ ಜನರ ಪಾಲು ಕಡಿಮೆ ಬಂತು. ಹತ್ತು ದಿನ ಕಡಲಲ್ಲಿದ್ದು ಬಂದವರು ಅವರು.

ತಂಡೇಲಣ್ಣ ಮೆಟ್ಟಿಲು ಹತ್ತಿ ಬಂದರು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಿದ್ದ ಪುಸ್ತಕ ತೆಗೆದು ನನ್ನ ಪಕ್ಕ ಕೂತರು. ಬೈಯಲಿಲ್ಲ. ಒಂದೊಂದೇ ಸಾಲು ಓದಿದರು, ನಾನು ಸ್ಕ್ರೀನ್ ನೋಡಿ ತಾಳೆ ಹಾಕಿದೆ. ತಪ್ಪು ಕಂಡಾಗ ನನಗೆ ಅಳು ಬಂತು. 'ದಾಲ ತೊಂದರೆ ಇಜ್ಜಿ' ಅಂದರು ತುಳುವಿನಲ್ಲಿ, ಏನೂ ತೊಂದರೆ ಇಲ್ಲ ಅಂತ. ಸಂಜೆಯೊಳಗೆ ಸರಿ ಮಾಡಿ ಬೋಟಿನ ಮಾಲೀಕರಿಗೆ ಹೊಸ ಲೆಕ್ಕ ಕಳಿಸಿದೆವು. ಉಳಿದ ಹಣ ಮರುದಿನ ಎಲ್ಲರ ಕೈ ಸೇರಿತು. ಅಂದಿನಿಂದ ಹೊಸದೇನು ಮಾಡಿದರೂ ಮೊದಲು ಅವರ ಬೋಟಿಗೇ ಹಾಕುತ್ತೇವೆ. ಹಾಗೆ ಮಾಡಿ ಅಂತ ಕೇಳಿದವರೂ ಅವರೇ.

ಕರೆಂಟ್ ಹೋದಾಗಲೆಲ್ಲ ತಮ್ಮ ಇನ್ವರ್ಟರ್‌ನಿಂದ ನಮಗೊಂದು ವೈರ್ ಎಳೆದುಕೊಟ್ಟ ಬಲೆ ಅಂಗಡಿಯವರಿಗೆ, ಆ ಎರಡು ತಿಂಗಳು ಬನ್ಸ್, ಚಹಾದ ಲೆಕ್ಕ ಕೇಳದ ಎದುರಿನ ಹೋಟೆಲಿನ ಭಟ್ಟರಿಗೆ, ಬೆಳಗಿನ ಜಾವ ಏಲಂನಲ್ಲಿ ನಿಂತು ದರ ಬರೆದುಕೊಂಡು ಬರುವ ನಮ್ಮ ಹುಡುಗರಿಗೆ ತುಂಬಾ ಥ್ಯಾಂಕ್ಸ್.

ಬೋಟುಗಳು ಮತ್ತೆ ಕಡಲಿಗೆ ಇಳಿದಿವೆ. ತಂಡೇಲಣ್ಣನೂ ಹೋಗಿದ್ದಾರೆ. ವಾಪಸ್ ಬಂದ ದಿನ ಪುಸ್ತಕ ಹಿಡಿದು ಮೇಲೆ ಬರುತ್ತಾರೆ. ಆ್ಯಪಿನ ಲೆಕ್ಕವನ್ನೂ ಪುಸ್ತಕದ ಲೆಕ್ಕವನ್ನೂ ಪಕ್ಕದಲ್ಲಿಟ್ಟು ನೋಡುವುದನ್ನು ನಾವಿಬ್ಬರೂ ಇನ್ನೂ ಬಿಟ್ಟಿಲ್ಲ. ಈ ಸಲ ಅದಕ್ಕೂ ಮೊದಲು ಇದನ್ನು ಅವರಿಗೆ ಓದಿ ಹೇಳಬೇಕು ಅಂತಿದ್ದೇನೆ.