ಭಾನುವಾರದ ಸಂಘದ ಸಭೆ: ಪಾಸ್‌ಬುಕ್ ಜೊತೆ ತಾಯಿ ಕಾರ್ಡೂ (ಗರ್ಭಿಣಿ, ಬಾಣಂತಿಯರ ಆರೋಗ್ಯ ಕಾರ್ಡ್) ತನ್ನಿ

ಅಕ್ಕಂದಿರೇ, ತಂಗಿಯರೇ, ನಮಸ್ಕಾರ.

ಈ ಭಾನುವಾರ ಮಧ್ಯಾಹ್ನ 3 ಗಂಟೆಗೆ ಅಂಗನವಾಡಿಯಲ್ಲಿ ಸಭೆ. ಉಳಿತಾಯ, ಸಾಲದ ಕಂತು ಬೇಗ ಮುಗಿಸಿ, ಆಶಾ ಅಕ್ಕನ ಹತ್ತಿರ ಎಲ್ಲರೂ ರಕ್ತ ಪರೀಕ್ಷೆ ಮಾಡಿಸಿಕೊಳ್ಳೋಣ. ಗರ್ಭಿಣಿಯಲ್ಲದ ಹೆಂಗಸರಿಗೆ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. ರೋಬಸ್ಟಾ ಕಾಫಿ ಕೊಯ್ಲಲ್ಲಿ ಕೂಲಿ ಕೆಜಿ ಲೆಕ್ಕ ತಾನೆ? ಮಧ್ಯಾಹ್ನಕ್ಕೇ ಸುಸ್ತಾಗಿ ಕೂತರೆ ಸಂಜೆ ತೂಕದಲ್ಲಿ ಗೊತ್ತಾಗುತ್ತೆ. ಕಬ್ಬಿಣದ ಮಾತ್ರೆ ಕೊಟ್ಟರೆ ಡಬ್ಬಿಯಲ್ಲಿಟ್ಟು ಮರೆಯಬೇಡಿ. ಊಟದ ಜೊತೆಗೇ ಕಾಫಿ, ಟೀ ಕುಡಿದರೆ ಕಬ್ಬಿಣಾಂಶ ಮೈಗೆ ಸರಿಯಾಗಿ ಹಿಡಿಯಲ್ಲ. ಒಂದು ಗಂಟೆ ಬಿಟ್ಟು ಕುಡಿಯಿರಿ. (ಕಾಫಿ ನಾಡಲ್ಲಿ ಇದನ್ನು ಹೇಳೋದು ಕಷ್ಟ, ನನಗೂ ಗೊತ್ತು!) ಬದಲಿಗೆ ಒಂದು ಕಿತ್ತಳೆ ತಿನ್ನಿ, ಒಳ್ಳೆಯದು.

ಕಾಳುಮೆಣಸು ಕೊಯ್ಯಲು ಏಣಿ ಹತ್ತುವವರು ಮನೆಯಲ್ಲಿದ್ದರೆ ಅವರ ಬ್ಯಾಂಕ್ ಖಾತೆಯಲ್ಲಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಿ. ವರ್ಷಕ್ಕೆ 20 ರೂಪಾಯಿ. ಅಪಘಾತದಲ್ಲಿ ಜೀವ ಹೋದರೆ 2 ಲಕ್ಷ. 18ರಿಂದ 70 ವರ್ಷದವರಿಗೆ. ಮೇ 31ಕ್ಕೆ ಅವಧಿ ಮುಗಿಯುತ್ತೆ, ಖಾತೆಯಲ್ಲಿ ದುಡ್ಡಿರಲಿ.

ಆಯುಷ್ಮಾನ್ ಕಾರ್ಡ್ ಇಲ್ಲದವರು ಆಧಾರ್, ರೇಷನ್ ಕಾರ್ಡ್ ತನ್ನಿ. ಆಸ್ಪತ್ರೆ ಖರ್ಚಿಗೆ ಚಿನ್ನ ಅಡ ಇಟ್ಟವರು ನಮ್ಮಲ್ಲೇ ಇದ್ದೇವೆ, ನಾನೂ ಒಬ್ಬಳು.

ತೋಟದ ಲೈನ್ ಮನೆಯ (ಕೂಲಿಯವರ ಸಾಲು ಮನೆ) ಅಕ್ಕಂದಿರಿಗೆ ಫೋನ್ ಇಲ್ಲ, ಪಕ್ಕದವರು ಹೇಳಿಬಿಡಿ.