ಹತ್ತು ನಿಮಿಷ ತಡವಾಗಿ ಬಂದು ಸಿನಿಮಾನ ಬೈಯಬೇಡಿ

ಸಂಪಾದಕರೇ,

ಹೋದ ವಾರ ಬಂದ ಒಂದು ಕನ್ನಡ ಸಿನಿಮಾ ಬಗ್ಗೆ ನಿಮ್ಮ ವಿಮರ್ಶೆ ಓದಿದೆ. ಕಾಮಿಡಿ ಅಂತ ನಗುತ್ತಾ ಕೂತವರಿಗೆ ಇಂಟರ್ವಲ್ ಆದಮೇಲೆ ದೆವ್ವ ತೋರಿಸಿ ಮೋಸ ಮಾಡಿದ್ದಾರೆ ಅನ್ನೋ ಅರ್ಥದಲ್ಲಿ ಬರೆದಿದ್ದೀರಿ. ಮೋಸ ಏನೂ ಆಗಿಲ್ಲ ಸ್ವಾಮಿ. ಮೊದಲ ದೃಶ್ಯದಲ್ಲೇ ಖಾಲಿ ಮನೆಯ ತೊಟ್ಟಿಲು ತಾನಾಗೇ ತೂಗುತ್ತದೆ, ಸಾಕಿದ ನಾಯಿ ಹೊಸಿಲು ದಾಟದೆ ನಿಂತುಬಿಡುತ್ತದೆ. ನಿಮ್ಮ ವಿಮರ್ಶಕರು ಒಳಗೆ ಬರುವಷ್ಟರಲ್ಲಿ ಅದು ಮುಗಿದಿತ್ತು ಅಂತ ನನ್ನ ಗುಮಾನಿ.

ಅವರೊಬ್ಬರನ್ನೇ ಅಂದು ಏನು ಬಂತು. ನಮ್ಮ ದಾವಣಗೆರೆಯಲ್ಲಿ ಸಿನಿಮಾ ಶುರುವಾದ ಮೇಲೆ ಬರುವವರೇ ಜಾಸ್ತಿ. ಮೊದಲೆಲ್ಲ ಅಶೋಕ ಟಾಕೀಸ್ ಹತ್ತಿರ ರೈಲ್ವೆ ಗೇಟ್ ಹಾಕಿತ್ತು ಅಂತ ನೆಪ ಹೇಳುತ್ತಿದ್ದರು, ಈಗ ಬೆಣ್ಣೆದೋಸೆ ತಡವಾಯಿತು ಅನ್ನುತ್ತಾರೆ. ಬಂದವರು ಮೊಬೈಲ್ ಬೆಳಕು ಹಾಕಿಕೊಂಡು, ನಮ್ಮ ಕಾಲು ತುಳಿದು, ಸೀಟು ಹುಡುಕಿ ಕೂತು, ಆಮೇಲೆ ಪಕ್ಕದವರನ್ನು ಕೇಳುತ್ತಾರೆ: 'ಏನಾಯ್ತ್ರೀ ಇಲ್ಲಿವರೆಗೆ?'

ನಾನು ಮೆಕ್ಕೆಜೋಳದ ಮಂಡಿಯಲ್ಲಿ ಲೆಕ್ಕ ಬರೆಯುವವನು. ಖರೀದಿದಾರ ಚೀಲದಿಂದ ಒಂದು ಹಿಡಿ ಜೋಳ ತೆಗೆದು ಅಂಗೈ ಮೇಲೆ ಹರಡಿ ನೋಡುತ್ತಾನೆ, ಒಂದು ಕಾಳು ಕಚ್ಚುತ್ತಾನೆ, ಒಳಗೆ ಎಂಥ ಮಾಲು ಇದೆ ಅಂತ ಅಷ್ಟರಲ್ಲೇ ಅವನಿಗೆ ಗೊತ್ತಾಗುತ್ತದೆ. ಸಿನಿಮಾದ ಮೊದಲ ಹತ್ತು ನಿಮಿಷ ಅಂದ್ರೆ ಆ ಒಂದು ಹಿಡಿ. ಮೇಲೊಂದು ಒಳಗೊಂದು ಇದ್ದರೆ ಜಗಳ ಆಡಿ, ಬೇಡ ಅನ್ನಲ್ಲ. ಆದರೆ ಹಿಡಿ ನೋಡದೆಯೇ ಚೀಲ ಒಯ್ದವನು ಆಮೇಲೆ ಬಂದು ಕೂಗಾಡಿದರೆ ಮಂಡಿಯಲ್ಲಿ ಯಾರೂ ಕೇಳುವುದಿಲ್ಲ.

1972ರ 'ನಾಗರಹಾವು' ನೋಡಿ. ಚಿತ್ರದುರ್ಗದ ಕೋಟೆಯಲ್ಲೇ ತೆಗೆದ ಸಿನಿಮಾ, 1997ರವರೆಗೆ ನಾವೂ ಅದೇ ಜಿಲ್ಲೆಯವರೇ, ಹಾಗಾಗಿ ಅದರ ಮೇಲೆ ನಮಗೂ ಸ್ವಲ್ಪ ಹಕ್ಕಿದೆ. ಪುಟ್ಟಣ್ಣನವರು ಶುರುವಿನಲ್ಲೇ ರಾಮಾಚಾರಿಯನ್ನು ಪರೀಕ್ಷೆಯಲ್ಲಿ ಕಾಪಿ ಹೊಡೆಯುವಾಗ ಹಿಡಿಸುತ್ತಾರೆ. ಎಲ್ಲರೆದುರು ಅವಮಾನ ಆಗುತ್ತದೆ. ರಾತ್ರಿ ಅವನು ಪ್ರಿನ್ಸಿಪಾಲರ ಮನೆಗೆ ಕಲ್ಲು ಹೊಡೆದು, ಅವರನ್ನು ಕಂಬಕ್ಕೆ ಕಟ್ಟಿಹಾಕಿ ಓಡುತ್ತಾನೆ. ಆ ಕ್ಷಣಕ್ಕೆ ನಗು ಬರುತ್ತದೆ ನಿಜ. ಆದರೆ ತಪ್ಪು ತನ್ನದೇ ಇದ್ದರೂ ಅವಮಾನ ನುಂಗಲಾರದ ಹುಡುಗ ಇವನು, ಮುಂದೆ ಪ್ರೀತಿ ಮಾಡಿದರೂ ಹೀಗೇ ದುಡುಕುತ್ತಾನೆ ಅಂತ ಹೊಟ್ಟೆಯೊಳಗೆ ಒಂದು ಅಳುಕೂ ಶುರುವಾಗುತ್ತದೆ, ಅಲ್ವಾ? ಅದನ್ನು ತಪ್ಪಿಸಿಕೊಂಡವನಿಗೆ ಅದು ಕಾಲೇಜು ಹುಡುಗರ ಪ್ರೇಮಕಥೆ ಅಷ್ಟೇ.

'ಕಾಂತಾರ' ಬಂದಾಗಲೂ ಇದೇ ಕಥೆ. ನೆಮ್ಮದಿ ಇಲ್ಲದ ರಾಜ, ಕಾಡಿನ ದೈವದ ಕಲ್ಲು, ಅದಕ್ಕೆ ಬದಲಾಗಿ ಊರವರಿಗೆ ಕೊಟ್ಟ ಭೂಮಿ, ಇಷ್ಟನ್ನೂ ಮೊದಲೇ ಹೇಳಿಬಿಡುತ್ತಾರೆ. ಕಂಬಳದ ಹೊತ್ತಿಗೆ ಬಂದು ಕೂತ ನನ್ನ ಭಾವನಿಗೆ ಅದು ಹಳ್ಳಿ ಹುಡುಗರ ಹೊಡೆದಾಟದ ಸಿನಿಮಾ ಅನ್ನಿಸಿತ್ತು. ಕೊನೆಯಲ್ಲಿ ಎಲ್ಲರೂ ಕೈಮುಗಿದು ಕೂತಿದ್ದರೆ ಈ ಮಹಾರಾಯ ನನ್ನ ಕಿವಿಯಲ್ಲಿ 'ಇದ್ಯಾಕೆ ಹೀಗಾಯ್ತು' ಅಂದ.

'ಕೆಜಿಎಫ್' ಇನ್ನೂ ಜಾಣತನದ್ದು. ಅನಂತನಾಗ್ ಕೂತು ಕಥೆ ಹೇಳಲು ಶುರು ಮಾಡುತ್ತಾರೆ. ಯಾರೋ ಹೇಳುವ ಕಥೆ ಅಂದಮೇಲೆ ಒಬ್ಬ ನೂರು ಜನರನ್ನು ಹೊಡೆದರೂ ನಾವು ತಕರಾರು ಮಾಡಲ್ಲ. ಕಟ್ಟೆ ಮೇಲೆ ಕೂತ ಅಜ್ಜ ಹೇಳಿದಾಗ ಲೆಕ್ಕ ಕೇಳ್ತೀವಾ?

ನಮ್ಮ ಹಳ್ಳಿ ಬಯಲಾಟ ಇದೆಯಲ್ಲ, ಆ ದೊಡ್ಡಾಟದವರಿಗೆ ಇದು ಯಾವತ್ತೋ ಗೊತ್ತಿತ್ತು. ಗಣಪತಿ ಸ್ತುತಿ ಆದಮೇಲೆ ಆಟ ನಡೆಸಿಕೊಡುವ ಸಾರಥಿ ಬಂದು ಪಾತ್ರಧಾರಿಯನ್ನು ತಾವು ಯಾರು, ಯಾತಕ್ಕೆ ಬಂದಿರಿ ಅಂತ ವಿಚಾರಿಸುತ್ತಾನೆ. ಉತ್ತರ ಕೇಳಿದ ಮೇಲೆ ಜನ ನಿರಾಳ.

ಬೇಕಂತಲೇ ದಾರಿ ತಪ್ಪಿಸುವವರೂ ಇದ್ದಾರೆ, ಅದು ಬೇರೆ ಆಟ. ಹಿಚ್‌ಕಾಕ್ 1960ರಲ್ಲಿ 'ಸೈಕೋ' ತೆಗೆದಾಗ 40,000 ಡಾಲರ್ ಕದ್ದು ಓಡುವ ಹೆಣ್ಣಿನ ಕಥೆ ಅಂತ ನಂಬಿಸಿ, ಅರ್ಧ ಸಿನಿಮಾ ಆಗುವ ಮೊದಲೇ ಆಕೆಯನ್ನೇ ಸಾಯಿಸಿಬಿಟ್ಟ. ಶುರುವಾದ ಮೇಲೆ ಒಬ್ಬರನ್ನೂ ಒಳಗೆ ಬಿಡಬೇಡಿ ಅಂತ ಥಿಯೇಟರಿನವರಿಗೆ ತಾಕೀತು ಬೇರೆ. ತಡವಾಗಿ ಬಂದವರು ಹೀರೋಯಿನ್ ಎಲ್ಲಿ ಅಂತ ಕೊನೆವರೆಗೂ ಕಾಯುತ್ತಾ ಕೂರುತ್ತಿದ್ದರಲ್ಲ!

ಸಿನಿಮಾದವರ ತಪ್ಪೂ ಇದೆ. ಸೆನ್ಸಾರ್ ಸರ್ಟಿಫಿಕೇಟು, ತಂಬಾಕಿನ ಎಚ್ಚರಿಕೆ ಬೇಕೇಬೇಕು, ಕಾನೂನು. ಆದರೆ ಊರಿನವರಿಗೆಲ್ಲ ಹೇಳುವ ಕೃತಜ್ಞತೆ, ಅದಾದ ಮೇಲೆ ಹೀರೋನ ಬೂಟು, ಕೈಗಡಿಯಾರ, ಬೆನ್ನು ತೋರಿಸಿ ತೋರಿಸಿ ಕೊನೆಗೆ ಮುಖ. ಮನೆಯವರೆಲ್ಲ ಕೂತು ಅಳುವ ಕಥೆಗೂ ಅದೇ, ಪತ್ತೇದಾರಿಗೂ ಅದೇ. ಜನ ನಿಧಾನಕ್ಕೆ ಬರೋದನ್ನು ಕಲಿತಿದ್ದು ಸುಮ್ನೆ ಅಲ್ಲ.

ಥಿಯೇಟರಿನವರು ಜಾಹೀರಾತು ಬಿಟ್ಟು ಸಿನಿಮಾ ಶುರುವಾಗುವ ಸಮಯವನ್ನೂ ಟಿಕೆಟ್ ಮೇಲೆ ಹಾಕಲಿ, ಅದಾದಮೇಲೆ ಬಂದವರನ್ನು ಮೊದಲ ಕೆಲವು ದೃಶ್ಯ ಮುಗಿಯುವ ತನಕ ಬಾಗಿಲಲ್ಲೇ ನಿಲ್ಲಿಸಲಿ. ನೀವು ವಿಮರ್ಶೆಯಲ್ಲಿ ಸ್ಟಾರ್ ಕೊಡುವುದರ ಜೊತೆಗೆ, ಶುರುವಿನಲ್ಲಿ ತೋರಿಸಿದ ಮಾಲನ್ನೇ ಕೊನೆವರೆಗೆ ಕೊಟ್ಟಿದ್ದಾರಾ ಅಂತ ಒಂದು ಸಾಲು ಬರೆಯಿರಿ.

ಆ ತೊಟ್ಟಿಲಿನ ಸಿನಿಮಾ ಗುರುವಾರದವರೆಗೆ ಇದೆ, ಮ್ಯಾಟಿನಿ ಮಾತ್ರ. ನಿಮ್ಮ ವಿಮರ್ಶಕರಿಗೆ ಟಿಕೆಟ್ ನಾನೇ ತೆಗೆಸುತ್ತೇನೆ. ಮಂಡಕ್ಕಿ ಮೆಣಸಿನಕಾಯಿ ಸಿನಿಮಾ ಬಿಟ್ಟಮೇಲೆ ತಿಂದರಾಯಿತು.

– ಮಂಡಿಯ ಒಬ್ಬ ಗುಮಾಸ್ತ, ದಾವಣಗೆರೆ